ಒಂದಕ್ಕೆ ಎಷ್ಟು?

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಸೀಮೆಗಳ ಯಾವ ಹಳ್ಳಿಯ ದಾರಿಯಲ್ಲಿ ನಿಂತರೂ, ಬೀಡಿಯ ಕಟ್ಟುಗಳನ್ನು ಚೀಲದಲ್ಲಿಟ್ಟುಕೊಂಡು ಹೋಗುವ ಹೆಂಗಸರನ್ನು ಕಾಣಬಹುದು. ಅವರಲ್ಲಿ ಯಾರನ್ನಾದರೂ ನಿಲ್ಲಿಸಿ, "ಅಕ್ಕಾ, ಬೀಡಿಗೆ ಈಗ ಮಜೂರಿ ಎಷ್ಟು?" ಎಂದು ಕೇಳಿ ನೋಡಿ. "ಸಾವಿರಕ್ಕೆ ಇಷ್ಟು" ಎಂಬ ಉತ್ತರವು ಪೈಸೆಯ ಸಹಿತವಾಗಿ ಒಡನೆಯೇ ಬರುವುದು. ಅಡಿಕೆ ಬೆಳೆದವರನ್ನು ಕೇಳಿದರೆ ಕಿಲೋ ಒಂದಕ್ಕೆ ಎಷ್ಟೆಂದು ಹೇಳುವರು. ರಬ್ಬರಿನವರು ಶೀಟಿನ ದರ್ಜೆಯನ್ನು ಮೊದಲು ಹೇಳಿ ಆಮೇಲೆ ಕಿಲೋದ ದರವನ್ನು ಹೇಳುವರು. ಸೊಸೈಟಿಗೆ ಹಾಲು ಹಾಕುವವರು ಕೊಬ್ಬಿನ ಅಂಶಕ್ಕೆ ತಕ್ಕಂತೆ ಲೀಟರಿಗೆ ಎಷ್ಟು ಸಿಕ್ಕಿತೆಂಬುದನ್ನು ಚೀಟಿ ನೋಡದೆಯೇ ಹೇಳಬಲ್ಲರು. ಮಲ್ಲಿಗೆಯ ಗಿಡ ಸಾಕಿದವರಿಗೆ ಅಟ್ಟೆಯ ದರ ನಾಲಗೆಯ ತುದಿಯಲ್ಲಿರುವುದು.

ಇಷ್ಟೊಂದು ಲೆಕ್ಕ ಬಲ್ಲ ಜನರಾದ ನಾವು ಅಂಗಡಿಯ ಮುಂದೆ ನಿಂತಾಗ ಏನು ಹೇಳುತ್ತೇವೆ? "ಒಂದು ಚಾ ಹುಡಿ ಪ್ಯಾಕೆಟು ಕೊಡಿ, ಹತ್ತು ರೂಪಾಯಿಯ ಬಿಸ್ಕತ್ತು ಒಂದು, ಚಿಕ್ಕ ಬಾಟ್ಲಿ ಎಣ್ಣೆ ಒಂದು." ಆ ಪ್ಯಾಕೆಟಿನೊಳಗೆ ಎಷ್ಟು ಗ್ರಾಮು ಇದೆ, ಗ್ರಾಮಿಗೆ ಎಷ್ಟು ಬಿತ್ತು, ಪಕ್ಕದ ಪ್ಯಾಕೆಟಿನಲ್ಲಿ ಎಷ್ಟು ಬೀಳುತ್ತಿತ್ತು ಎಂಬುದನ್ನು ಕೇಳುವವರು ವಿರಳ. ಮಾರುವಾಗ ನಾವೆಲ್ಲರೂ ಗಣಿತಜ್ಞರು, ಕೊಳ್ಳುವಾಗ ಮಾತ್ರ ದಾನಿಗಳು. ನಮ್ಮ ಕೈಯಿಂದ ಹೋಗುವ ವಸ್ತುವಿಗೆ ಹಾಕುವ ಲೆಕ್ಕವನ್ನೇ ನಮ್ಮ ಕೈಗೆ ಬರುವ ವಸ್ತುವಿಗೂ ಹಾಕಬೇಕೆಂಬುದಷ್ಟೇ ಈ ಲೇಖನದ ತಾತ್ಪರ್ಯ. ಇಲ್ಲಿ ಬಳಸಿದ ಬೆಲೆಗಳೂ ಮಜೂರಿಯೂ ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ವಾಚಕರು ಅವುಗಳ ಸ್ಥಾನದಲ್ಲಿ ತಮ್ಮ ಊರಿನ ಅಂದಿನ ದರಗಳನ್ನು ಹಾಕಿಕೊಳ್ಳಬೇಕು.

ಮೂಲಸೂತ್ರ

ಬೆಲೆ ಎಂಬುದು ನಿಜಕ್ಕೂ ಒಂದು ಸಂಖ್ಯೆಯಲ್ಲ. ಎರಡು ಸಂಖ್ಯೆಗಳ ನಡುವಣ ಸಂಬಂಧ. "ತೊಂಬತ್ತು ರೂಪಾಯಿ" ಎಂದರೆ ಅರ್ಥ ಅಪೂರ್ಣ. "250 ಗ್ರಾಮಿಗೆ ತೊಂಬತ್ತು ರೂಪಾಯಿ" ಎಂದಾಗಲೇ ಅದು ಪೂರ್ಣವಾಯಿತು. ಈ ಎರಡು ಸಂಖ್ಯೆಗಳಲ್ಲಿ ಹಣವನ್ನು ಪರಿಮಾಣದಿಂದ ಭಾಗಿಸಿದರೆ ಬರುವುದೇ ಒಂದು ಗ್ರಾಮಿನ, ಒಂದು ಕಿಲೋದ ಅಥವಾ ಒಂದು ಕಾಯಿಯ ಬೆಲೆ. ಇದನ್ನು ಏಕಮಾನದ ಬೆಲೆ ಎಂದು ಕರೆಯೋಣ.

ಇದು ಹೊಸ ವಿದ್ಯೆಯೇನೂ ಅಲ್ಲ. ನಮ್ಮ ಹಿರಿಯರು ಶಾಲೆಯಲ್ಲಿ ಬಾಯಿಪಾಠ ಮಾಡಿದ ತ್ರೈರಾಶಿಕವೇ ಇದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯನು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ತ್ರೈರಾಶಿಕಕ್ಕೆಂದೇ ಒಂದು ಭಾಗವಿದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದನು. ಹೆಸರೇ ಹೇಳುವಂತೆ ಅದು ದಿನದ ವ್ಯವಹಾರಕ್ಕೆ ಬೇಕಾದ ಗಣಿತ. ನಮ್ಮ ಮೂಡುಬಿದಿರೆಯ ಜೈನ ಭಂಡಾರದಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ 'ಧವಲಾ' ಟೀಕೆಯ ತಾಳೆಗರಿಗಳಲ್ಲಿಯೂ ಗಣಿತದ ವಿಸ್ತಾರವಾದ ಚರ್ಚೆಯುಂಟು. ಆದುದರಿಂದ ಲೆಕ್ಕವು ನಮ್ಮ ಸೀಮೆಗೆ ಹೊರಗಿನಿಂದ ಬಂದ ಅತಿಥಿಯಲ್ಲ.

ತ್ರೈರಾಶಿಕದಲ್ಲಿ ಮೂರು ರಾಶಿಗಳು: ಪ್ರಮಾಣ, ಫಲ, ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. 250 ಗ್ರಾಮು ಪ್ರಮಾಣ, 90 ರೂಪಾಯಿ ಫಲ. ನಮಗೆ ಬೇಕಾದ ಪರಿಮಾಣ ಇಚ್ಛೆ. ಆ ಇಚ್ಛೆಯನ್ನು 1,000 ಗ್ರಾಮು ಎಂದು ಇಟ್ಟುಕೊಂಡರೆ 90 × 1,000 ÷ 250 = 360. ಅಂದರೆ ಕಿಲೋಗೆ 360 ರೂಪಾಯಿ.

ಈಗ ಒಂದೇ ಬಗೆಯ ಚಾ ಹುಡಿಯ ನಾಲ್ಕು ಪ್ಯಾಕೆಟುಗಳು ಅಂಗಡಿಯಲ್ಲಿ ಸಾಲಾಗಿ ಇವೆ ಎನ್ನೋಣ:

50 ಗ್ರಾಮಿಗೆ 20 ರೂ. — ಕಿಲೋಗೆ 400 ರೂ.
100 ಗ್ರಾಮಿಗೆ 38 ರೂ. — ಕಿಲೋಗೆ 380 ರೂ.
250 ಗ್ರಾಮಿಗೆ 90 ರೂ. — ಕಿಲೋಗೆ 360 ರೂ.
500 ಗ್ರಾಮಿಗೆ 185 ರೂ. — ಕಿಲೋಗೆ 370 ರೂ.

ಇದಕ್ಕೆ ಕಾಗದ ಪೆನ್ಸಿಲು ಬೇಕಾಗಿಲ್ಲ. 500 ಗ್ರಾಮಾದರೆ ಎರಡರಿಂದ, 250 ಆದರೆ ನಾಲ್ಕರಿಂದ, 100 ಆದರೆ ಹತ್ತರಿಂದ, 50 ಆದರೆ ಇಪ್ಪತ್ತರಿಂದ ಗುಣಿಸಿದರೆ ಸಾಕು. ಪಟ್ಟಿಯಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ದೊಡ್ಡ ಪ್ಯಾಕೆಟು ಯಾವಾಗಲೂ ಅಗ್ಗವೆಂಬುದು ನಮ್ಮ ಸಾಮಾನ್ಯ ನಂಬಿಕೆ. ಇಲ್ಲಿ ಅರ್ಧ ಕಿಲೋದ ಪ್ಯಾಕೆಟಿಗಿಂತ ಕಾಲು ಕಿಲೋದ ಎರಡು ಪ್ಯಾಕೆಟುಗಳೇ ಐದು ರೂಪಾಯಿ ಅಗ್ಗ. ಕೆಲವು ವಸ್ತುಗಳಲ್ಲಿ ಅತಿ ಚಿಕ್ಕ ಪೊಟ್ಟಣವೇ ಎಲ್ಲಕ್ಕಿಂತ ಅಗ್ಗವಾಗಿರುವುದೂ ಉಂಟು. ಆದುದರಿಂದ ಗಾತ್ರವನ್ನು ನೋಡಿ ತೀರ್ಮಾನಿಸಬಾರದು, ಭಾಗಿಸಿ ತೀರ್ಮಾನಿಸಬೇಕು.

ಗ್ರಾಮಿನ ಅಂಕಿ ಸುಲಭದಲ್ಲಿ ಭಾಗವಾಗದಿದ್ದರೆ ಏನು ಮಾಡುವುದು? 180 ಗ್ರಾಮಿನ ಪ್ಯಾಕೆಟಿಗೆ 63 ರೂಪಾಯಿ, 250 ಗ್ರಾಮಿನದಕ್ಕೆ 90 ರೂಪಾಯಿ ಎನ್ನಿ. ಭಾಗಾಕಾರವನ್ನೇ ಬಿಟ್ಟು ಓರೆಯಾಗಿ ಗುಣಿಸಿರಿ: ಮೊದಲನೆಯದರ ಬೆಲೆಯನ್ನು ಎರಡನೆಯದರ ತೂಕದಿಂದ ಗುಣಿಸಿದರೆ 63 × 250 = 15,750; ಎರಡನೆಯದರ ಬೆಲೆಯನ್ನು ಮೊದಲನೆಯದರ ತೂಕದಿಂದ ಗುಣಿಸಿದರೆ 90 × 180 = 16,200. ಯಾವ ಬೆಲೆಯಿಂದ ಚಿಕ್ಕ ಗುಣಲಬ್ಧ ಬಂದಿತೋ ಅದೇ ಅಗ್ಗ. ಇಲ್ಲಿ ಮೊದಲನೆಯದು, ಕಿಲೋಗೆ 350 ರೂಪಾಯಿಯಂತೆ.

ಮಾನ ಒಂದೇ ಇರಬೇಕು

ಏಕಮಾನದ ಬೆಲೆಗೆ ಮೊದಲ ನಿಯಮವೆಂದರೆ ಮಾನವು ಎರಡೂ ಕಡೆ ಒಂದೇ ಆಗಿರಬೇಕು. ಇದು ಎಷ್ಟು ಕಷ್ಟದಿಂದ ದೊರೆತ ಸೌಕರ್ಯವೆಂಬುದನ್ನು ನಮ್ಮ ಬಂಟವಾಳದ ಹಳೆಯ ಪೇಟೆಯನ್ನು ನೆನೆದರೆ ತಿಳಿಯುವುದು. ನೇತ್ರಾವತಿಯ ದಡದ ಈ ಪೇಟೆಗೆ ಮಂಗಳೂರಿನಿಂದ ದೋಣಿಗಳು ಬರುತ್ತಿದ್ದವು. ಘಟ್ಟದ ಮೇಲಿನ ಸರಕು ಇಲ್ಲಿಗೆ ಇಳಿಯುತ್ತಿತ್ತು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿಯು ಬೆಳೆ ಬೇಸಾಯಗಳ ಜೊತೆಗೆ ಅಲ್ಲಲ್ಲಿಯ ಅಳತೆಗಳನ್ನೂ ಬರೆದುಕೊಳ್ಳಬೇಕಾಯಿತು. ಏಕೆಂದರೆ ಅಳತೆ ತಿಳಿಯದೆ ಬೆಲೆ ತಿಳಿಯುವಂತಿರಲಿಲ್ಲ.

ಮುಂದೆ ನಮ್ಮ ಜಿಲ್ಲೆಯ ಅಕ್ಕಿಯ ವ್ಯಾಪಾರದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ ಎಂಬ ಲೆಕ್ಕ ನೆಲೆಸಿತು. ಮುಡಿಯೆಂದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ 42 ಸೇರು ಅಕ್ಕಿ. ಮುಡಿಗೆ ಇಪ್ಪತ್ತೊಂದು ರೂಪಾಯಿಯಾದರೆ ಸೇರಿಗೆ ಎಂಟಾಣೆ ಎಂದು ಅಂದಿನ ಗೃಹಿಣಿ ಕ್ಷಣದಲ್ಲಿ ಹೇಳಬಲ್ಲವಳಾಗಿದ್ದಳು. ಮುಡಿಗೆ ಇಪ್ಪತ್ತೆರಡು ರೂಪಾಯಿಯಾದರೆ? ಇಪ್ಪತ್ತೆರಡು ರೂಪಾಯಿಯೆಂದರೆ 352 ಆಣೆ. ಅದನ್ನು 42ರಿಂದ ಭಾಗಿಸಿದರೆ ಎಂಟು ಆಣೆ ಹೋಗಿ ಹದಿನಾರು ಆಣೆ ಉಳಿಯುವುದು. ಉಳಿದುದನ್ನು ಆಣೆಗೆ ಹನ್ನೆರಡರಂತೆ ಪೈಗಳನ್ನಾಗಿ ಮಾಡಿ ಮತ್ತೆ ಭಾಗಿಸಬೇಕು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಮುಡಿಗೆ 42 ಸೇರು ಎಂಬ ಈ ಮೂರು ಬಗೆಯ ಏಣಿಗಳನ್ನು ಒಟ್ಟಿಗೆ ಹತ್ತಬೇಕಾದವನ ಪಾಡನ್ನು ಊಹಿಸಿಕೊಳ್ಳಿರಿ.

1956ರಲ್ಲಿ ತೂಕ ಮತ್ತು ಅಳತೆಗಳ ಕಾನೂನು ಬಂದಿತು. 1957ರ ಏಪ್ರಿಲ್ 1ರಂದು ರೂಪಾಯಿಯು ನೂರು ನಯಾಪೈಸೆಗಳಾಯಿತು. 1958ರಿಂದ ಹಂತಹಂತವಾಗಿ ಬಂದ ಮೆಟ್ರಿಕ್ ತೂಕವು 1962ರ ಏಪ್ರಿಲ್ ತಿಂಗಳಲ್ಲಿ ಕಡ್ಡಾಯವಾಯಿತು. ಬದಲಾವಣೆಯ ಆ ದಿನಗಳಲ್ಲಿ ಒಂದಾಣೆಗೆ ಲೆಕ್ಕದಂತೆ ಆರೂಕಾಲು ನಯಾಪೈಸೆ. ಕಾಲು ಪೈಸೆಯ ನಾಣ್ಯವಿಲ್ಲದುದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಗೊತ್ತುಮಾಡಲಾಗಿತ್ತು. ಸೇರು ಮಾಯವಾಗಿ ಕಿಲೋ ಬಂದಾಗ ಬೆಲೆ ಏರಿತೋ ಇಳಿಯಿತೋ ಎಂದು ತಿಳಿಯದೆ ಜನರು ಕೆಲಕಾಲ ತೊಳಲಾಡಿದ್ದು ಸಹಜವೇ. ಆದರೆ ಆ ತೊಳಲಾಟದ ಕೊನೆಯಲ್ಲಿ ಒಂದು ದೊಡ್ಡ ಲಾಭ ದೊರೆಯಿತು: ತೂಕವೂ ಹತ್ತರ ಲೆಕ್ಕ, ಹಣವೂ ಹತ್ತರ ಲೆಕ್ಕ. ಇಂದು ಭಾಗಾಕಾರವೆಂದರೆ ಬಹಳ ಮಟ್ಟಿಗೆ ಚುಕ್ಕೆಯನ್ನು ಸರಿಸುವ ಕೆಲಸ. ಅಷ್ಟು ಸುಲಭವಾದ ಮೇಲೂ ನಾವು ಲೆಕ್ಕ ಹಾಕುವುದಿಲ್ಲವೆಂದರೆ ತಪ್ಪು ಗಣಿತದ್ದಲ್ಲ.

ಆದರೂ ಒಂದೇ ಮಾನವೆಂಬ ನಿಯಮವು ಇಂದಿಗೂ ಹಲವೆಡೆ ಮುರಿಯುವುದು. ಮಲ್ಲಿಗೆಯನ್ನೇ ನೋಡಿರಿ. ಉಡುಪಿಯ ಶಂಕರಪುರದ ಕಡೆಯ ಮಲ್ಲಿಗೆಯ ಲೆಕ್ಕದಲ್ಲಿ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ 640 ರೂಪಾಯಿಯಾದರೆ ಚೆಂಡಿಗೆ 160, ಹೂವೊಂದಕ್ಕೆ 20 ಪೈಸೆ. ಇದು ಅಚ್ಚುಕಟ್ಟಾದ ಮಾನ. ಅದೇ ಹೂವನ್ನು ಮೊಳದ ಲೆಕ್ಕದಲ್ಲಿ ಕೊಂಡರೆ? ಮೊಳ ಯಾರದು? ಉದ್ದ ಕೈಯವನ ಮೊಳ ಬೇರೆ, ಗಿಡ್ಡ ಕೈಯವನ ಮೊಳ ಬೇರೆ. ಒತ್ತಾಗಿ ಕಟ್ಟಿದ್ದು ಬೇರೆ, ಬಿಡಿಬಿಡಿಯಾಗಿ ಕಟ್ಟಿದ್ದು ಬೇರೆ. ಎರಡು ಅಂಗಡಿಗಳಲ್ಲಿ ಮೊಳದ ದರ ಒಂದೇ ಇದ್ದರೂ ಹೂವಿನ ದರ ಒಂದೇ ಎನ್ನಲಾಗದು.

ನೂರಕ್ಕೆ ಎಷ್ಟು?

ಮೀನಿನವರ ಲೆಕ್ಕ ಇನ್ನೊಂದು ಬಗೆಯದು. ಸ್ಕೂಟರಿನ ಹಾರ್ನು ಕೇಳಿ ಅಂಗಳಕ್ಕೆ ಬಂದವರು ಕೇಳುವುದು "ಒಂದಕ್ಕೆ ಎಷ್ಟು?" ಎಂದಲ್ಲ, "ಬಂಗುಡೆ ನೂರಕ್ಕೆ ಎಷ್ಟು?" ಎಂದು. "ಎಂಟು" ಎಂದರೆ ಒಂದಕ್ಕೆ 12 ರೂ. 50 ಪೈಸೆ; "ಹತ್ತು" ಎಂದರೆ ಒಂದಕ್ಕೆ 10 ರೂ. ಇಲ್ಲಿ ಅಂಕಿ ಹೆಚ್ಚಾದಷ್ಟೂ ಬೆಲೆ ಕಡಿಮೆ. ಇದು ತಲೆಕೆಳಗಾದ ಏಕಮಾನ; ಇದರಲ್ಲಿ ಸರಾಸರಿ ತೆಗೆಯುವಾಗ ಜಾಣರೂ ಎಡವುವರು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು. ಆಗ ಮೀನು ದುಬಾರಿ. ಅಂಥ ಒಂದು ದಿನ ನೂರಕ್ಕೆ 5, ಸುಗ್ಗಿಯ ಇನ್ನೊಂದು ದಿನ ನೂರಕ್ಕೆ 20 ಬಂಗುಡೆ ಸಿಕ್ಕಿತೆನ್ನೋಣ. ಒಂದು ದಿನ ಮೀನಿಗೆ 20 ರೂ., ಮತ್ತೊಂದು ದಿನ 5 ರೂ. ಸರಾಸರಿ ಎಷ್ಟು? ಹನ್ನೆರಡೂವರೆ ಎನ್ನುವವರೇ ಹೆಚ್ಚು. ಎರಡು ದಿನವೂ ನೂರು ನೂರು ರೂಪಾಯಿಗೆ ಕೊಂಡಿದ್ದರೆ 200 ರೂಪಾಯಿಗೆ 25 ಮೀನು, ಅಂದರೆ ಒಂದಕ್ಕೆ 8 ರೂಪಾಯಿ ಮಾತ್ರ. ಎರಡು ದಿನವೂ ಹತ್ತು ಹತ್ತು ಮೀನನ್ನೇ ಕೊಂಡಿದ್ದರೆ 250 ರೂಪಾಯಿಗೆ 20 ಮೀನು. ಆಗ ಒಂದಕ್ಕೆ ಹನ್ನೆರಡೂವರೆ. "ಇಂದು ನೂರು ರೂಪಾಯಿಯದ್ದು ಸಾಕು" ಎನ್ನುವ ಮನೆಯು ತನಗರಿವಿಲ್ಲದೆಯೇ ದುಬಾರಿಯ ದಿನ ಕಡಿಮೆ, ಅಗ್ಗದ ದಿನ ಹೆಚ್ಚು ಕೊಳ್ಳುವುದು. ಇದು ನಮ್ಮ ಹೆಂಗಸರ ಸಹಜವಾದ ಅರ್ಥಶಾಸ್ತ್ರ.

ಮೀನಿನಲ್ಲಿ ಇನ್ನೊಂದು ಪಾಠವೂ ಇದೆ. ಕಿಲೋಗೆ 200 ರೂಪಾಯಿಯ ಇಡೀ ಮೀನನ್ನು ಕೊಂಡು, ತಲೆ ಕರುಳು ತೆಗೆದ ಮೇಲೆ 650 ಗ್ರಾಮು ಉಳಿದರೆ, ತಿನ್ನುವ ಭಾಗದ ಬೆಲೆ ಕಿಲೋಗೆ 200 ಅಲ್ಲ, 200ನ್ನು 0.65ರಿಂದ ಭಾಗಿಸಿದಾಗ ಬರುವ ಸುಮಾರು 308 ರೂಪಾಯಿ. ಪಕ್ಕದಲ್ಲಿ ಶುಚಿಮಾಡಿದ ಮೀನು ಕಿಲೋಗೆ 300 ಎಂದಿದ್ದರೆ ಅದು ದುಬಾರಿಯಂತೆ ಕಂಡರೂ ದುಬಾರಿಯಲ್ಲ. ಬೀಡಿ ಸುತ್ತುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾವಿರಕ್ಕೆ 250 ರೂಪಾಯಿ ಮಜೂರಿ ಎಂದಿಟ್ಟುಕೊಂಡರೆ ಬೀಡಿಗೆ 25 ಪೈಸೆ. ಆದರೆ ಸರಿಯಿಲ್ಲವೆಂದು ನಲವತ್ತು ಬೀಡಿಗಳನ್ನು ತೆಗೆದುಹಾಕಿದರೆ, 1,040 ಸುತ್ತಿದ ಮೇಲೆ 1,000ದ ಮಜೂರಿ ಬರುವುದು. ಆಗ ಸುತ್ತಿದ ಬೀಡಿಗೆ ಬಿದ್ದದ್ದು 24 ಪೈಸೆ. ಕಂಡ ದರ ಬೇರೆ, ಕೈಗೆ ಹತ್ತಿದ ದರ ಬೇರೆ.

ಪ್ಯಾಕೆಟಿನ ಮೇಲಿನ ಬರಹ

ಪ್ಯಾಕೆಟುಗಳ ವಿಷಯದಲ್ಲಿ ಸರಕಾರವೂ ಸುಮ್ಮನೆ ಕುಳಿತಿಲ್ಲ. 1977ರ ನಿಯಮಗಳಿಂದ ಮೊದಲುಗೊಂಡು ಪೊಟ್ಟಣದ ಮೇಲೆ ನಿವ್ವಳ ತೂಕ ಮುಂತಾದ ವಿವರಗಳನ್ನು ಬರೆಯುವ ಕಟ್ಟಳೆಯಿದೆ. ಹಲವು ವಸ್ತುಗಳನ್ನು ಗೊತ್ತಾದ ತೂಕಗಳಲ್ಲಿಯೇ ಕಟ್ಟಬೇಕೆಂಬ ಪಟ್ಟಿಯೂ ಇತ್ತು. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ ಮತ್ತು ಅದರ ಕೆಳಗಿನ 2011ರ ನಿಯಮಗಳು ಹಳೆಯವುಗಳ ಸ್ಥಾನಕ್ಕೆ ಬಂದವು. 2021ರ ತಿದ್ದುಪಡಿಯಲ್ಲಿ ಗೊತ್ತಾದ ತೂಕಗಳ ಪಟ್ಟಿಯನ್ನು ತೆಗೆದುಹಾಕಿ, ಅದಕ್ಕೆ ಪ್ರತಿಯಾಗಿ ಏಕಮಾನದ ಮಾರಾಟ ಬೆಲೆಯನ್ನು ಪೊಟ್ಟಣದ ಮೇಲೆಯೇ ಮುದ್ರಿಸಬೇಕೆಂದು ವಿಧಿಸಲಾಯಿತು. ಅಂದರೆ ತಯಾರಿಸುವವನು ಯಾವ ತೂಕದಲ್ಲಿ ಬೇಕಾದರೂ ಕಟ್ಟಬಹುದು. ಆದರೆ ಗ್ರಾಮಿಗೆ ಎಷ್ಟು ಬಿತ್ತೆಂದು ಹೇಳಬೇಕು. ಗರಿಷ್ಠ ಮಾರಾಟ ಬೆಲೆಯ ಬಳಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅದನ್ನು ಕಾಣಬಹುದು.

ಅದನ್ನು ಓದುವಾಗ ಮೂರು ಎಚ್ಚರಿಕೆಗಳು ಬೇಕು. ಮೊದಲನೆಯದು, ಕಿಲೋಗಿಂತ ಕಡಿಮೆಯ ಪೊಟ್ಟಣದಲ್ಲಿ ದರವು ಗ್ರಾಮಿಗೆ, ಕಿಲೋಗಿಂತ ಹೆಚ್ಚಿನದರಲ್ಲಿ ಕಿಲೋಗೆ ಇರುವುದು. ಹೋಲಿಸುವ ಮೊದಲು ಗ್ರಾಮಿನ ದರವನ್ನು ಸಾವಿರದಿಂದ ಗುಣಿಸಬೇಕು. ಎರಡನೆಯದು, ದರವನ್ನು ಎರಡು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸುವರು. 400 ಗ್ರಾಮಿಗೆ 145 ರೂಪಾಯಿಯಾದರೆ ಗ್ರಾಮಿಗೆ 0.3625, 350 ಗ್ರಾಮಿಗೆ 125 ರೂಪಾಯಿಯಾದರೆ 0.3571. ಎರಡರ ಮೇಲೂ ಮುದ್ರಣವಾಗುವುದು 0.36 ಎಂದೇ. ಆದರೆ ಕಿಲೋದ ಲೆಕ್ಕದಲ್ಲಿ ಒಂದು 362 ರೂ. 50 ಪೈಸೆ, ಇನ್ನೊಂದು 357 ರೂ. 14 ಪೈಸೆ. ಐದು ರೂಪಾಯಿಗೂ ಮೀರಿದ ಅಂತರವು ಒಂದೇ ಅಂಕಿಯ ಕೆಳಗೆ ಅಡಗಿ ಕುಳಿತಿದೆ. ಮೂರನೆಯದು, ಆ ದರವು ಗರಿಷ್ಠ ಬೆಲೆಯಿಂದ ತೆಗೆದದ್ದು. ಅಂಗಡಿಯವರು ಕಡಿಮೆಗೆ ಕೊಟ್ಟರೆ ಲೆಕ್ಕವನ್ನು ನಾವೇ ಹೊಸದಾಗಿ ಹಾಕಬೇಕು.

ಬೆಲೆಯನ್ನು ಮುಟ್ಟದೆ ತೂಕವನ್ನು ಇಳಿಸುವ ಉಪಾಯವನ್ನೂ ಇಲ್ಲಿಯೇ ಹೇಳಬೇಕು. ಹತ್ತು ರೂಪಾಯಿಯ ಬಿಸ್ಕತ್ತಿನ ಪ್ಯಾಕೆಟು 75 ಗ್ರಾಮಿನಿಂದ 60 ಗ್ರಾಮಿಗೆ ಇಳಿಯಿತೆನ್ನೋಣ. ಮಗುವಿನ ಕೈಯ ನಾಣ್ಯ ಅದೇ, ಪ್ಯಾಕೆಟಿನ ಬಣ್ಣ ಅದೇ. ತೂಕ ಇಳಿದದ್ದು ನೂರಕ್ಕೆ 20. ಆದರೆ ಕಿಲೋದ ದರ 133 ರೂ. 33 ಪೈಸೆಯಿಂದ 166 ರೂ. 67 ಪೈಸೆಗೆ, ಅಂದರೆ ನೂರಕ್ಕೆ 25ರಷ್ಟು ಏರಿತು. ಇಳಿತದ ಅಂಕಿಗಿಂತ ಏರಿಕೆಯ ಅಂಕಿ ದೊಡ್ಡದು. ಇದಕ್ಕೆ ಪ್ರತಿಯಾಗಿ "ನೂರಕ್ಕೆ 20 ಅಧಿಕ" ಎಂಬ ಕೊಡುಗೆಯಲ್ಲಿ 100 ಗ್ರಾಮಿನ ಬೆಲೆಗೆ 120 ಗ್ರಾಮು ಸಿಕ್ಕರೆ, ಬೆಲೆಯಲ್ಲಿ ಆಗುವ ಇಳಿತ ನೂರಕ್ಕೆ 20 ಅಲ್ಲ. ಹದಿನೇಳಕ್ಕೂ ತುಸು ಕಡಿಮೆ. ಕೊಡುವಾಗ ದೊಡ್ಡ ಅಂಕಿಯನ್ನು ತೋರಿಸುವುದೂ ತೆಗೆಯುವಾಗ ಅಂಕಿಯನ್ನೇ ತೋರಿಸದಿರುವುದೂ ವ್ಯಾಪಾರದ ಧರ್ಮವಾದರೆ, ಎರಡನ್ನೂ ಭಾಗಿಸಿ ನೋಡುವುದು ಕೊಳ್ಳುವವನ ಧರ್ಮ.

ಅಮ್ಮನ ಲೆಕ್ಕ

ಇಷ್ಟನ್ನೂ ಕಲಿತ ಮೇಲೆ, ಅಂತಿಮ ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರ ಓದುವ ನಾನು ಒಂದು ಸಂಜೆ ಮನೆಯಲ್ಲಿ ನನ್ನ ಪಾಂಡಿತ್ಯವನ್ನು ಪ್ರದರ್ಶಿಸಿದೆನು. ಅಮ್ಮ ಜಗಲಿಯಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ಅವರು ಮೂರು ದಿನಕ್ಕೊಮ್ಮೆ 50 ಗ್ರಾಮು ಚಾ ಹುಡಿ ತರಿಸುವರು. ನಮ್ಮ ಮನೆಗೆ ತಿಂಗಳಿಗೆ ಹತ್ತು ಪ್ಯಾಕೆಟು, ಅಂದರೆ 500 ಗ್ರಾಮು. ಬೆಲೆಗಳನ್ನು ಮೇಲಿನ ಪಟ್ಟಿಯಂತೆಯೇ ಇಟ್ಟುಕೊಳ್ಳೋಣ.

"ಅಮ್ಮಾ, ಹತ್ತು ಸಣ್ಣ ಪ್ಯಾಕೆಟಿಗೆ 200 ರೂಪಾಯಿ. ಕಾಲು ಕಿಲೋದ ಎರಡು ಪ್ಯಾಕೆಟು ತಂದರೆ 180. ತಿಂಗಳಿಗೆ 20 ರೂಪಾಯಿ ಸುಮ್ಮನೆ ಹೋಗುತ್ತದೆ. ಬೀಡಿಗೆ 25 ಪೈಸೆಯಂತೆ 20 ರೂಪಾಯಿ ಎಂದರೆ 80 ಬೀಡಿ. ನೀವು ಗಂಟೆಗೆ ನೂರು ಸುತ್ತುವವರು. ತಿಂಗಳಿಗೆ 48 ನಿಮಿಷ ನೀವು ಅಂಗಡಿಯವರಿಗಾಗಿ ಬಿಟ್ಟಿ ಸುತ್ತುತ್ತೀರಿ" ಎಂದೆ.

ಅಮ್ಮನ ಕೈ ನಿಲ್ಲಲಿಲ್ಲ. ನಮ್ಮ ಮನೆಮಾತು ತುಳು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನಿನ್ನ ಲೆಕ್ಕ ಸರಿ ಮಗಾ. ಆದರೆ ಮಜೂರಿ ಸಿಕ್ಕುವುದು ಶನಿವಾರ. ಬುಧವಾರ ನನ್ನ ಕೈಯಲ್ಲಿ ಇರುವುದು ಮೂವತ್ತು ರೂಪಾಯಿ. ಮೂವತ್ತರಲ್ಲಿ ತೊಂಬತ್ತು ಹೇಗೆ ತೆಗೆಯುವುದೆಂದು ನಿನ್ನ ಪುಸ್ತಕದಲ್ಲಿ ಇದೆಯಾ?"

ನನ್ನ ಪುಸ್ತಕದಲ್ಲಿ ಅದು ಇರಲಿಲ್ಲ. ಅಂದು ರಾತ್ರಿ ನನಗೆ ನಿದ್ರೆ ಬೇಗ ಬರಲಿಲ್ಲ. ಸಣ್ಣ ಪ್ಯಾಕೆಟನ್ನು ಕೊಳ್ಳುವವರಿಗೆ ಲೆಕ್ಕ ಬಾರದೆಂದು ನಾನು ತಿಳಿದುದು ತಪ್ಪು. ಅವರಿಗೆ ಬಾರದಿರುವುದು ಹಣ, ಅದೂ ಶನಿವಾರಕ್ಕೆ ಮೊದಲು. ಕೈಯಲ್ಲಿ ದೊಡ್ಡ ನೋಟು ಇದ್ದವನಿಗೆ ಕಿಲೋಗೆ 360, ಇಲ್ಲದವನಿಗೆ 400. ಬಡತನಕ್ಕೂ ಒಂದು ಏಕಮಾನದ ಬೆಲೆಯಿದೆ; ನಮ್ಮ ಮನೆಯಲ್ಲಿ ಚಾ ಹುಡಿಯ ಮಟ್ಟಿಗೆ ಅದು ಕಿಲೋಗೆ ನಲವತ್ತು ರೂಪಾಯಿ.

ಆಮೇಲೆ ನಾನು ಲೆಕ್ಕವನ್ನು ಇನ್ನೊಂದು ಬದಿಯಿಂದ ಹಾಕಿದೆ. ದೊಡ್ಡ ಪ್ಯಾಕೆಟಿಗೂ ಸಣ್ಣ ಪ್ಯಾಕೆಟಿಗೂ ಇರುವ ಅಂತರ 70 ರೂಪಾಯಿ. ಆ ಎಪ್ಪತ್ತನ್ನು ಒಮ್ಮೆ ಹೇಗಾದರೂ ಕೂಡಿಸಿದರೆ ಸಾಕು. ಮುಂದೆ ಮೂರು ದಿನಕ್ಕೊಮ್ಮೆ ಚಾ ಹುಡಿಗೆಂದು ಕೊಡುತ್ತಿದ್ದ 20 ರೂಪಾಯಿಯನ್ನು ತೆಗೆದಿಟ್ಟರೆ, ಹದಿನೈದು ದಿನದಲ್ಲಿ ನೂರು ಸೇರಿ ಮುಂದಿನ ಪ್ಯಾಕೆಟೂ ಬರುವುದು, ಹತ್ತು ರೂಪಾಯಿಯೂ ಉಳಿಯುವುದು. ತಿಂಗಳಿಗೆ 20, ವರ್ಷಕ್ಕೆ 240. ಎಪ್ಪತ್ತು ರೂಪಾಯಿಯ ಮೂಲಧನಕ್ಕೆ ವರ್ಷದಲ್ಲಿ 240 ರೂಪಾಯಿಯ ಲಾಭವನ್ನು ಯಾವ ಬ್ಯಾಂಕು ಕೊಟ್ಟೀತು? ಅಮ್ಮ ಇದನ್ನು ಒಪ್ಪಿದರು. ಏಳು ಶನಿವಾರ ಹತ್ತು ಹತ್ತು ರೂಪಾಯಿಯನ್ನು ಜೀರಿಗೆಯ ಡಬ್ಬಿಯಲ್ಲಿ ಹಾಕಿಟ್ಟರು. ಎಂಟನೆಯ ವಾರ ನಮ್ಮ ಮನೆಗೆ ಕಾಲು ಕಿಲೋದ ಪ್ಯಾಕೆಟು ಬಂದಿತು.

ಲೆಕ್ಕದ ಎಲ್ಲೆ

ಆದರೆ ಅಮ್ಮ ನನ್ನ ಎಲ್ಲ ಲೆಕ್ಕಗಳನ್ನೂ ಒಪ್ಪಿದರೆಂದು ತಿಳಿಯಬಾರದು. ಬಿ.ಸಿ. ರೋಡಿನಲ್ಲಿ ಕುಚ್ಚಲಕ್ಕಿ ಕಿಲೋಗೆ ಎರಡು ರೂಪಾಯಿ ಅಗ್ಗವೆಂದು ನಾನು ಹೇಳಿದಾಗ, "ಬಸ್ಸಿಗೆ ಎಷ್ಟು?" ಎಂದು ಕೇಳಿದರು. ಹೋಗಿ ಬರಲು 30 ರೂಪಾಯಿಯಾದರೆ, ಅದು ತೀರಲಿಕ್ಕೇ 15 ಕಿಲೋ ಅಕ್ಕಿ ಬೇಕು. ಹದಿನಾರನೆಯ ಕಿಲೋದಿಂದ ಲಾಭ ಮೊದಲು. ಐದು ಕಿಲೋಗಾಗಿ ಹೋದವನು ಹತ್ತು ರೂಪಾಯಿ ಉಳಿಸಿ ಮೂವತ್ತು ಕಳೆಯುವನು. ಬೇರೆ ಕೆಲಸಕ್ಕೆ ಹೇಗೂ ಹೋಗುವ ದಿನವಾದರೆ ಮಾತು ಬೇರೆ. ಇನ್ನೊಮ್ಮೆ ಆಟಿಯ ತಿಂಗಳಲ್ಲಿ ಅಗ್ಗವೆಂದು ದೊಡ್ಡ ಪೊಟ್ಟಣದ ಹುಡಿ ತಂದೆ. ಮಳೆಯ ತಂಪಿಗೆ ಅದರಲ್ಲಿ ಕಾಲುಭಾಗ ಗಂಟುಗಟ್ಟಿ ಚೆಲ್ಲಬೇಕಾಯಿತು. ಕಿಲೋಗೆ 320ರಂತೆ ತಂದುದರಲ್ಲಿ ಕಾಲು ಹೋದರೆ ಉಳಿದದ್ದಕ್ಕೆ ಬಿದ್ದದ್ದು ಸುಮಾರು 427. ಅಗ್ಗದ ವಸ್ತುವು ಚೆಲ್ಲಿದಾಗ ದುಬಾರಿಯಾಗುವುದು. ಬೇಡದ ವಸ್ತುವಂತೂ ಎಷ್ಟು ಅಗ್ಗವಾದರೂ ದುಬಾರಿಯೇ.

ಆದುದರಿಂದ ಏಕಮಾನದ ಬೆಲೆಯೊಂದೇ ಕೊನೆಯ ಮಾತಲ್ಲ. ಅದು ಮೊದಲ ಮಾತು. ಮೊದಲು ಭಾಗಿಸಿ ನೋಡಬೇಕು. ಆಮೇಲೆ ಬಸ್ಸಿನ ಖರ್ಚು, ಹಾಳಾಗುವ ಭಾಗ, ಗುಣದ ತಾರತಮ್ಯ, ಕೈಯಲ್ಲಿರುವ ಹಣ ಈ ನಾಲ್ಕನ್ನೂ ಕೂಡಿಸಿ ತೀರ್ಮಾನಿಸಬೇಕು. ಕೆಲವು ಸಲ ತಿಳಿದೂ ತಿಳಿದೂ ಸಣ್ಣ ಪೊಟ್ಟಣವನ್ನೇ ಕೊಳ್ಳಬೇಕಾಗುವುದು, ಅದರಲ್ಲಿ ನಾಚಿಕೆಯೇನಿಲ್ಲ. ತಿಳಿಯದೆ ಕೊಳ್ಳುವುದಕ್ಕೂ ತಿಳಿದು ಕೊಳ್ಳುವುದಕ್ಕೂ ಭೇದವುಂಟು: ತಿಳಿದವನು ಮುಂದಿನ ಶನಿವಾರ ಏನು ಮಾಡಬೇಕೆಂಬುದನ್ನು ಇಂದೇ ಬಲ್ಲನು.

ವಾಚಕರು, ವಿಶೇಷವಾಗಿ ನನ್ನ ಸಹಪಾಠಿಗಳು, ಈ ವಾರ ಒಂದು ಸಣ್ಣ ಕೆಲಸವನ್ನು ಮಾಡಿ ನೋಡಬೇಕೆಂದು ಕೋರುತ್ತೇನೆ. ಮನೆಗೆ ಪದೇ ಪದೇ ತರುವ ಆರು ವಸ್ತುಗಳನ್ನು ಆರಿಸಿ, ಪ್ರತಿಯೊಂದರ ಪರಿಮಾಣ, ಕೊಟ್ಟ ಹಣ, ಕಿಲೋದ ಅಥವಾ ಲೀಟರಿನ ದರ ಇವನ್ನು ನೋಟುಪುಸ್ತಕದಲ್ಲಿ ಬರೆದಿಡಿರಿ. ಅದರ ಮುಂದೆ ಇನ್ನೊಂದು ಗೆರೆ ಎಳೆದು, ಮನೆಯಲ್ಲಿ ದುಡಿಯುವವರ ದುಡಿಮೆಯ ಲೆಕ್ಕದಲ್ಲಿ ಅದು ಎಷ್ಟಾಯಿತೆಂದು ಬರೆಯಿರಿ. ಎಷ್ಟು ಬೀಡಿ, ಎಷ್ಟು ಲೀಟರು ಹಾಲು, ಎಷ್ಟು ಗಂಟೆ ಕೂಲಿ. ಮೊದಲನೆಯ ಗೆರೆ ನಿಮಗೆ ಗಣಿತವನ್ನು ಕಲಿಸುವುದು. ಎರಡನೆಯ ಗೆರೆ ಏನನ್ನು ಕಲಿಸುವುದೆಂದು ನಾನು ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಈಗ ಜೀರಿಗೆಯ ಡಬ್ಬಿಯ ಪಕ್ಕದಲ್ಲಿ ಇನ್ನೊಂದು ಡಬ್ಬಿ ಸೇರಿದೆ. ಅದು ತೆಂಗಿನೆಣ್ಣೆಗೆ. ಅಂಗಡಿಯಿಂದ ನಾನು ಬಂದೊಡನೆ ಅಮ್ಮ ಬೀಡಿ ಸುತ್ತುತ್ತಲೇ ಕೇಳುವರು: "ಒಂದಕ್ಕೆ ಎಷ್ಟು ಬಿತ್ತು?"